ಮಾಚು ಪಿಚುವಿನಿಂದ ಪನ್ಹಾಳಗಡಕ್ಕೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ನನ್ನ ವಿದೇಶ ಪ್ರವಾಸದ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ಲೇಖನಿಯು ಪೆರು ದೇಶದಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಶಿರೋಳಿಯಿಂದ ಒಂದು ತಾಸಿನೊಳಗೆ ತಲುಪಬಹುದಾದ ಪನ್ಹಾಳಗಡದತ್ತ ತಿರುಗಿತು. ಕಾರಣವನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೇರಿಕೆಯಲ್ಲಿರುವ ಮಗನ ಒತ್ತಾಯದಿಂದ 2018ರ ಮೇ ತಿಂಗಳಿನಲ್ಲಿ ನಾನು ಅವನೊಡನೆ ಪೆರುವಿಗೆ ಹೋದೆ. ಆಂಡಿಸ್ ಪರ್ವತಗಳ ನಡುವೆ ಇಂಕಾ ಅರಸರು ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಮಾಚು ಪಿಚು ಎಂಬ ಕಲ್ಲಿನ ಪಟ್ಟಣಕ್ಕೆ ಅಂದಿನವರೇ ಹಾಸಿದ ಕಲ್ಲುದಾರಿಯಲ್ಲಿ ನಡೆದೇ ಹೋಗಬಹುದು. ಸುಮಾರು 43 ಕಿಲೋಮೀಟರಿನ ಹಾದಿ. ನಾಲ್ಕು ದಿನಗಳ ನಡಿಗೆ. ದಿನಕ್ಕೆ ಇಷ್ಟೇ ಜನರೆಂಬ ಮಿತಿಯುಂಟು, ಪರವಾನಿಗೆಯನ್ನು ತಿಂಗಳುಗಟ್ಟಲೆ ಮೊದಲೇ ಪಡೆಯಬೇಕು. ಫೆಬ್ರುವರಿಯಲ್ಲಿ ದುರಸ್ತಿಗಾಗಿ ದಾರಿಯನ್ನು ಮುಚ್ಚುತ್ತಾರೆ.

ಎರಡನೆಯ ದಿನ 4,215 ಮೀಟರ್ ಎತ್ತರದ ಕಣಿವೆಬಾಗಿಲನ್ನು ದಾಟಬೇಕು. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದರ ಹೆಸರು 'ಸತ್ತ ಹೆಂಗಸು' ಎಂದು. ಹೆಸರಿನಿಂದ ನನಗೆ ಭಯವಾಗಲಿಲ್ಲ, ಆದರೆ ಅರ್ಧ ಏರುವಷ್ಟರಲ್ಲಿ ತಲೆ ಸಿಡಿಯತೊಡಗಿತು, ಹೊಟ್ಟೆ ತೊಳಸಿತು, ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಪಾಲು ಅದೇ, ನೂರಕ್ಕೆ ಇಪ್ಪತ್ತೊಂದು. ಗಾಳಿಯ ಒತ್ತಡವೇ ಇಳಿಯುತ್ತದೆ. ಆ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡಾ 60ರಷ್ಟು ಮಾತ್ರ. ಆದ್ದರಿಂದ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಅಷ್ಟಕ್ಕಷ್ಟೇ. ಶರೀರ ಇದಕ್ಕೆ ಹೊಂದಿಕೊಳ್ಳಲು ಕೆಲವು ದಿನಗಳು ಬೇಕು. ನಾವು 3,400 ಮೀಟರ್ ಎತ್ತರದ ಕುಸ್ಕೋ ನಗರದಲ್ಲಿ ಒಂದೇ ರಾತ್ರಿ ತಂಗಿದ್ದೆವು, ತಪ್ಪು ನಮ್ಮದೇ. ನಿಧಾನವಾಗಿ ಏರುವುದು, ಬೇನೆ ಹೆಚ್ಚಾದರೆ ಛಲ ಬಿಟ್ಟು ಕೆಳಗಿಳಿಯುವುದು, ಇವೆರಡೇ ನಂಬಬಹುದಾದ ಉಪಾಯಗಳು. ನನ್ನ ಪುಣ್ಯಕ್ಕೆ ಒಂದು ತಾಸು ಕುಳಿತ ಮೇಲೆ ತಲೆ ಹಗುರಾಯಿತು, ಆಚೆಯ ಇಳಿಜಾರು ನನ್ನನ್ನು ಉಳಿಸಿತು. ವಿಚಿತ್ರವೆಂದರೆ ಮಾಚು ಪಿಚು ಇರುವುದು 2,430 ಮೀಟರಿನಲ್ಲಿ, ಅಂದರೆ ಕುಸ್ಕೋಗಿಂತ ಬಹಳ ಕೆಳಗೆ.

ಗಾರೆಯಿಲ್ಲದೆ ಒಂದಕ್ಕೊಂದು ಬೆಸೆದಂತೆ ಕೂಡಿಸಿದ ಆ ಕಲ್ಲುಗಳನ್ನು ವರ್ಣಿಸುವವರು ಬಹಳ ಜನ ಇದ್ದಾರೆ. ನನ್ನನ್ನು ಸೆಳೆದದ್ದು ಮೆಟ್ಟಿಲು ಮೆಟ್ಟಿಲಾದ ಹೊಲಗಳು. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಫಲವತ್ತಾದ ಮಣ್ಣು. ಎಷ್ಟು ಮಳೆ ಬಂದರೂ ನೀರು ಒಳಗಿನಿಂದ ಸೋಸಿ ಹೋಗುತ್ತದೆ, ಗುಡ್ಡ ಕುಸಿಯುವುದಿಲ್ಲ.

ಮೂರನೆಯ ರಾತ್ರಿ ಡೇರೆಯಲ್ಲಿ ನಮ್ಮ ಮಾರ್ಗದರ್ಶಿ ತರುಣನು ಸಹಜವಾಗಿ ಕೇಳಿದನು: "ನಿಮ್ಮ ಊರಿನ ಬಳಿ ಇಂಥ ಹಳೆಯ ಸ್ಥಳಗಳಿವೆಯೇ? ಕಟ್ಟಿದವರು ಯಾರು?" ಪನ್ಹಾಳಗಡವಿದೆ ಎಂದೆ. ಸಿದ್ದಿ ಜೌಹರನ ಮುತ್ತಿಗೆ, 1660ರ ಜುಲೈ ತಿಂಗಳ ಮಳೆಯ ರಾತ್ರಿ ಶಿವಾಜಿ ಮಹಾರಾಜರು ವಿಶಾಳಗಡಕ್ಕೆ ಹೊರಟದ್ದು, ಅವರಂತೆ ವೇಷ ತೊಟ್ಟು ಪ್ರಾಣ ಕೊಟ್ಟ ಶಿವಾ ಕಾಶೀದ, ಕಣಿವೆಯನ್ನು ಹಿಡಿದು ನಿಂತು ಮಡಿದ ಬಾಜಿಪ್ರಭು, ಎಲ್ಲವನ್ನೂ ಹೇಳಿದೆ. "ಅದಕ್ಕೂ ಮೊದಲು?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗನು ತನ್ನ ಅಜ್ಜಿಯ ಕೆಚುವಾದಲ್ಲಿ ಒಂದೊಂದು ಶಿಖರದ ಹೆಸರನ್ನೂ ಬಿಡಿಸಿ ಹೇಳಿದ್ದನು. ಮಳೆಗಾಲ ಕಳೆದ ಮೇಲೆ ನಮ್ಮೂರಿನಿಂದ ಕಾಣುವ ಬೆಟ್ಟದ ವಿಷಯದಲ್ಲಿ ನಾನು ಮೂಕನಾದೆ.

ಊರಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿದೆ. ಹನ್ನೆರಡನೆಯ ಶತಮಾನದ ಕೊನೆಗೆ ಪನ್ಹಾಳದ ಕೋಟೆಯನ್ನು ಕಟ್ಟಿಸಿದವನು ಕೊಲ್ಲಾಪುರದ ಶಿಲಾಹಾರ ದೊರೆ ಇಮ್ಮಡಿ ಭೋಜ. ಈ ಮನೆತನದ ಶಾಸನಗಳಲ್ಲಿ ಹಲವು ಕನ್ನಡದಲ್ಲಿವೆ. ಅವನ ಆಳಿಕೆಯಲ್ಲಿಯೇ, 1205ರಲ್ಲಿ, ಇಂದಿನ ಆಜರೆಯಲ್ಲಿ ಸೋಮದೇವನೆಂಬ ಜೈನ ಪಂಡಿತನು 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಬರೆದನು. ಕೆಲವೇ ವರ್ಷಗಳಲ್ಲಿ ದೇವಗಿರಿಯ ಯಾದವ ಸಿಂಘಣನು ಭೋಜನನ್ನು ಸೋಲಿಸಿದನು. ಶಿಲಾಹಾರರ ಆಳಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ವಿಜಾಪುರದ ಆದಿಲಶಾಹಿಗಳು ಕೋಟೆಯನ್ನು ಬಲಪಡಿಸಿದರು. ಗಡಹಿಂಗ್ಲಜದ ಬಳಿಯ ಸಾಮಾನಗಡದ ಹೆಸರಿನಲ್ಲಿಯೇ ರಾಷ್ಟ್ರಕೂಟ ದಂತಿದುರ್ಗನ ಶಕ 675ರ ತಾಮ್ರಪಟವಿದೆ. ಬಾದಾಮಿ ಚಾಲುಕ್ಯರ ಸೇನೆಗೆ ಅದು 'ಕರ್ಣಾಟಕ ಬಲ'ವೆನ್ನುತ್ತದೆ. ನಾಲ್ಕನೆಯ ಇಯತ್ತೆಯಲ್ಲಿ ಯಾರಾದರೂ ಇದನ್ನು ನಮಗೆ ಹೇಳಿದ್ದರೆ!

2022ರ ಜುಲೈ ತಿಂಗಳಿನಲ್ಲಿ ತಂಗಿಯ ಮಗ ಹಾಗೂ ಅವನ ಇಬ್ಬರು ಗೆಳೆಯರೊಡನೆ ಪನ್ಹಾಳಗಡದಿಂದ ವಿಶಾಳಗಡದ ದಾರಿ ಹಿಡಿದೆ. ಪೆರುವಿನ ಚೀಲವೇ ಬೆನ್ನ ಮೇಲಿತ್ತು. ಚೀಲದ ಭಾರ ಹೊರುವವನ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು, ಭಾರದ ವಸ್ತುಗಳು ಬೆನ್ನಿಗೆ ತಾಗಿರಬೇಕು. ನಮ್ಮ ಮಳೆಗಾದರೆ ಒಳಗಡೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಕಿ ಅದರಲ್ಲಿ ಬಟ್ಟೆ ಇಡುವುದೇ ಲೇಸು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಪೆರುವಿನಲ್ಲಿ ಇದಕ್ಕಾಗಿಯೇ ಜೀವ ಬಿಟ್ಟಿದ್ದೆ.

ಗಡ ಇಳಿದು ಮಸಾಯಿ ಪಠಾರವನ್ನು ಏರಿದರೆ ಮೈಲುಗಟ್ಟಲೆ ಬಯಲು. ಕೆಳಗೆ ಕಪ್ಪು ಬಸಾಲ್ಟ್ ಶಿಲೆ, ಮೇಲೆ ಜಂಬಿಟ್ಟಿಗೆಯ ಹೊದಿಕೆ. ಜಂಬಿಟ್ಟಿಗೆಯ ತೂತುಗಳಲ್ಲಿ ಇಂಗಿದ ಮಳೆನೀರು ಬಸಾಲ್ಟಿನ ಮೇಲೆ ನಿಂತು ಅಂಚುಗಳಲ್ಲಿ ಒರತೆಯಾಗಿ ಹೊರಡುತ್ತದೆ. ಗಿಡಮರವಿಲ್ಲದ ಆ ಬಯಲಿನಲ್ಲಿ ಮಂಜು ಕವಿದಾಗ ಹತ್ತು ಮಾರು ಮುಂದಿರುವವನೂ ಕಾಣಲಿಲ್ಲ. "ಮಾಮಾ, ಅಲ್ಲೇ ನಿಲ್ರಿ, ದಾರಿ ತಪ್ಪೇತಿ" ಎಂದು ಹುಡುಗನು ಕೂಗಿದನು. ನಿಂತೆ. ಮಂಜು ಸರಿದಾಗ ನೋಡಿದರೆ ಇಪ್ಪತ್ತು ಹೆಜ್ಜೆಯಾಚೆ ಪಠಾರದ ಅಂಚು, ಕೆಳಗೆ ಕಂದರ. ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ನಮ್ಮನ್ನು ಬೈದು ದಾರಿಗೆ ಹಚ್ಚಿದನು. ಆಂಡಿಸ್‌ನಲ್ಲಿ ಪ್ರತಿ ತಿರುವಿಗೂ ಫಲಕವಿತ್ತು. ಅಂಥ ಹೆದರಿಕೆ ಅಲ್ಲಿ ಆಗಿರಲಿಲ್ಲ.

ಎರಡನೆಯ ದಿನ ಪಾವನಖಿಂಡಿಯವರೆಗೆ ತಲುಪಿದೆವು. ಕಿರಿದಾದ ಕಣಿವೆ, ಮೊಣಕಾಲು ಮುಳುಗುವ ಹರಿಯುವ ನೀರು, ಕಾಲಿಗೆ ಜಿಗಣೆ. ಘೋಡಖಿಂಡಿಯಾಗಿದ್ದ ಅದು ಬಾಜಿಪ್ರಭು ಮತ್ತು ಅವರ ಸಂಗಡಿಗರ ರಕ್ತದಿಂದ ಪಾವನವಾಯಿತೆಂದು ಈ ಹೆಸರು. ಹುಡುಗರು ಮುಂದೆ ಹೋದರು. ನನ್ನ ಮೊಣಕಾಲು ಊದಿಕೊಂಡಿತ್ತು, ವಿಶಾಳಗಡ ನನಗೆ ದಕ್ಕಲಿಲ್ಲ.

2025ರ ಜುಲೈ ತಿಂಗಳಿನಲ್ಲಿ ಯುನೆಸ್ಕೊ ಪನ್ಹಾಳಗಡವನ್ನೂ ಒಳಗೊಂಡು ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಚು ಪಿಚು 1983ರಲ್ಲಿಯೇ ಅದರಲ್ಲಿತ್ತು. ಆ ಸುದ್ದಿ ಓದಿದ ವಾರ ಮೊಮ್ಮಗಳನ್ನು ಕರೆದುಕೊಂಡು ಕೃಷ್ಣೆಯ ದಂಡೆಯ ಖಿದ್ರಾಪುರಕ್ಕೆ ಹೋಗಿದ್ದೆ. ಕೋಪೇಶ್ವರ ದೇವಾಲಯದ ಸ್ವರ್ಗಮಂಟಪದ ನಡುವೆ ನಿಂತರೆ ಮೇಲೆ ದುಂಡಗಿನ ಆಕಾಶ ಕಾಣುತ್ತದೆ. ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಅವಳು ಕಲಿಯುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ರಜೆಯಲ್ಲಿ ನಾನೇ ಕಲಿಸಿದ್ದೇನೆ. ಕಲ್ಲಿನ ಮೇಲೆ ಬೆರಳಾಡಿಸಿ ಬಹಳ ಹೊತ್ತಿನ ಮೇಲೆ ಎರಡು ಅಕ್ಷರ ಗುರುತಿಸಿದಳು. ಮೂರನೆಯದು ನನಗೂ ಬರಲಿಲ್ಲ.

ಮುಂದಿನ ಜುಲೈ ತಿಂಗಳಿನಲ್ಲಿ ಪನ್ಹಾಳಗಡದಿಂದ ಹೊರಡಲು ಇಚ್ಛಿಸುವ ಹಳೆಯ ವಿದ್ಯಾರ್ಥಿಗಳು ಶಾಲೆಯ ಕಚೇರಿಯಲ್ಲಿ ಹೆಸರು ಕೊಡಬಹುದು. ಮಸಾಯಿ ಪಠಾರದವರೆಗೆ ನಾನೂ ಬರುವೆನು.