ಕಾಲೇಜು ಪ್ರಯೋಗಾಲಯದ ಮೂಕಪ್ರಾಣಿಗಳು: ಗೆದ್ದದ್ದೆಷ್ಟು, ಉಳಿದದ್ದೆಷ್ಟು?

ಜೂನ್ ತಿಂಗಳು ಬಂತೆಂದರೆ ಮಹಾನಗರದ ನಮ್ಮ ಸಂಘ-ಸಂಸ್ಥೆಗಳಲ್ಲಿ ಉಚಿತ ನೋಟ್‌ಬುಕ್ ವಿತರಣೆ, ಎಸ್‌ಎಸ್‌ಸಿ, ಎಚ್‌ಎಸ್‌ಸಿ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಮುಂದೇನು ಓದಬೇಕೆಂಬ ಮಾರ್ಗದರ್ಶನ ಶಿಬಿರ ಇವುಗಳದ್ದೇ ಸುಗ್ಗಿ. ಶಿಬಿರಗಳಲ್ಲಿ ಫೀಸು, ಹಾಸ್ಟೆಲ್, ಮೀಸಲಾತಿಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ತಾಯಿ ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: "ಸೈನ್ಸ್ ತಗೊಂಡ್ರೆ ನನ್ನ ಮಗಳು ಕಪ್ಪೆ ಕೊಯ್ಯಲೇಬೇಕಾ ಸರ್?" ಸಭೆಯಲ್ಲಿ ನಗು ಏಳುತ್ತದೆ. ಆದರೆ ಅದು ನಗುವ ಪ್ರಶ್ನೆಯಲ್ಲ. ಒಂದು ಕಾಲದಲ್ಲಿ ಇದೊಂದೇ ಕಾರಣಕ್ಕೆ ವಿಜ್ಞಾನ ಬಿಟ್ಟು ಕಾಮರ್ಸ್ ಹಿಡಿದವರು ನಮ್ಮ ನಡುವೆಯೇ ಇದ್ದಾರೆ.

ಆ ತಾಯಿಗೆ ಕೊಡಬೇಕಾದ ಉತ್ತರ "ಬೇಡಮ್ಮ" ಎಂದೇ. ಪದವಿ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2014ರಲ್ಲಿಯೇ ಹೇಳಿಯಾಗಿದೆ. ಅದೇ ವರ್ಷ ಎಂಬಿಬಿಎಸ್ ಮಕ್ಕಳ ಪಾಠಕ್ಕಾಗಿ ಪ್ರಾಣಿಗಳ ಮೇಲೆ ಮಾಡುತ್ತಿದ್ದ ಪ್ರಯೋಗಗಳ ಬದಲು ಕಂಪ್ಯೂಟರ್ ಬಳಸುವಂತೆ ಭಾರತೀಯ ವೈದ್ಯಕೀಯ ಮಂಡಳಿಯೂ ನಿಯಮ ತಿದ್ದಿತು. ಹತ್ತು ವರ್ಷ ಕಳೆದರೂ ಈ ವಿಷಯ ಎಷ್ಟೋ ಪಾಲಕರಿಗೆ ತಿಳಿದಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಈ ಗೆಲುವು ಒಂದೇ ದಿನದಲ್ಲಿ ಬಂದದ್ದಲ್ಲ. ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿ ದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಮರುವರ್ಷವೇ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ತಂದರು. ಸರಕಾರವೇ ಕಾನೂನು ತರುವುದಾಗಿ ಪ್ರಧಾನಿ ನೆಹರೂ ಅವರಿಂದ ಭರವಸೆ ಬಂದ ಮೇಲೆ ಅದನ್ನು ಹಿಂದೆಗೆದುಕೊಂಡರು. ಹಾಗೆ ಹುಟ್ಟಿದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರ 17ನೇ ಕಲಮನ್ನು ಓದಿದರೆ ಆಶ್ಚರ್ಯವಾಗುತ್ತದೆ. ವೈದ್ಯಕೀಯ ಶಾಲೆ, ಆಸ್ಪತ್ರೆ, ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರಗಳಿಂದಲೇ ಪಾಠ ಸಾಗುವುದಾದರೆ ಪ್ರಾಣಿ ಪ್ರಯೋಗವನ್ನು ಆದಷ್ಟು ಕೈಬಿಡಬೇಕು, ಬರೇ ಕೈಚಳಕ ಕಲಿಯಲಿಕ್ಕೆಂದು ಪ್ರಯೋಗ ನಡೆಸಬಾರದು ಎಂದು ಅದರಲ್ಲಿ ಆಗಲೇ ಬರೆದಿತ್ತು! ಅಂದರೆ ಕಾನೂನು ಬಂದದ್ದು 1960ರಲ್ಲಿ, ಅದು ಕಾಲೇಜಿನ ಬಾಗಿಲು ದಾಟಿದ್ದು 2014ರಲ್ಲಿ. ನಡುವಿನ 54 ವರ್ಷ ಕಪ್ಪೆ, ಇಲಿ, ಮೊಲಗಳ ಲೆಕ್ಕಕ್ಕೆ ಹೋಯಿತು.

ಆ ಕಾಲದ ಪ್ರಯೋಗಗಳು ಎಂಥವೆಂದು ಕಾಮರ್ಸ್ ಓದಿದ ನನ್ನಂಥವರಿಗೆ ಗೊತ್ತಿರುವುದಿಲ್ಲ. ಜೀವಂತ ಕಪ್ಪೆಯ ತಲೆಬುರುಡೆಯ ಹಿಂಬದಿಯಿಂದ ಸೂಜಿ ತೂರಿಸಿ ಮೆದುಳು, ಬೆನ್ನುಹುರಿಗಳನ್ನು ನಾಶ ಮಾಡುವುದು. ಬಳಿಕ ಅದರ ಹಿಂಗಾಲಿನ ಸ್ನಾಯುವನ್ನು ನರದ ಸಮೇತ ಬಿಡಿಸಿ ತೆಗೆದು, ವಿದ್ಯುತ್ ಮುಟ್ಟಿಸಿ, ಅದು ಸೆಟೆದುಕೊಳ್ಳುವುದನ್ನು ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿನ ಮೇಲೆ ಗೆರೆಯಾಗಿ ಬರೆಸುವುದು. ಮೊಲದ ಕಣ್ಣಿಗೆ ಔಷಧದ ಹನಿ ಬಿಟ್ಟು ಪಾಪೆ ಅಗಲವಾಗುವುದನ್ನು ಅಳೆಯುವುದು. ನಾಯಿಗೆ ಮತ್ತು ಬರಿಸಿ, ರಕ್ತನಾಳಕ್ಕೆ ನಳಿಗೆ ಸೇರಿಸಿ, ಔಷಧ ಕೊಟ್ಟಾಗ ರಕ್ತದೊತ್ತಡ ಏರಿಳಿಯುವುದನ್ನು ತೋರಿಸುವುದು. ಇವುಗಳ ಫಲಿತಾಂಶ ಪಠ್ಯಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಹೊಸದಾಗಿ ಕಂಡುಹಿಡಿಯುವುದು ಏನೂ ಇರಲಿಲ್ಲ, ಪ್ರತಿ ವರ್ಷದ ಪ್ರತಿ ಬ್ಯಾಚಿಗೂ ಅದೇ ಪ್ರಯೋಗ.

ಕಪ್ಪೆಗಳನ್ನು ಯಾರೂ ಸಾಕಿ ಕೊಡುತ್ತಿರಲಿಲ್ಲ, ಗದ್ದೆ-ಕೆರೆಗಳಿಂದಲೇ ಹಿಡಿದು ತರುತ್ತಿದ್ದರು. ಮೊದಲ ಮಳೆಗೆ ನಮ್ಮೂರ ಗದ್ದೆಗಳಲ್ಲಿ ರಾತ್ರಿಯಿಡೀ ವಟಗುಟ್ಟುತ್ತಿದ್ದ ದೊಡ್ಡ ಕಪ್ಪೆಗಳ ಕೂಗು ಊರು ಬಿಟ್ಟು ಬಂದ ಎಲ್ಲರಿಗೂ ನೆನಪಿರಬಹುದು. ಅವು ತಿನ್ನುವುದು ಬೆಳೆಗೆ ಬೀಳುವ ಕೀಟಗಳನ್ನು. ಕಪ್ಪೆಯ ಕಾಲುಗಳು ವಿದೇಶಕ್ಕೆ ರಫ್ತಾಗುತ್ತಿದ್ದುದನ್ನು 1987ರಲ್ಲಿ ಕೇಂದ್ರ ಸರಕಾರ ನಿಷೇಧಿಸಿತು. ಆದರೆ ಕಾಲೇಜಿನ ಬೇಡಿಕೆ ನಿಲ್ಲಲಿಲ್ಲ. ಮಳೆ ಬರಲೆಂದು ಕಪ್ಪೆಗೆ ಮದುವೆ ಮಾಡಿಸುವ ಜನ ನಾವು. ಮದುವೆ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದವರು ಕಡಿಮೆ.

ಯೋಚಿಸಿದವರಲ್ಲಿ ಮೊದಲಿಗರು ಚೆನ್ನೈನವರು. ವಿಮಾನದ ಪೈಲಟ್ ಆಗಿದ್ದ ಕ್ಯಾಪ್ಟನ್ ವಿ. ಸುಂದರಂ ಅವರು 1959ರಲ್ಲಿ ಆರಂಭಿಸಿದ ಬ್ಲೂ ಕ್ರಾಸ್ ಸಂಸ್ಥೆಯು, ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ 1990ರ ದಶಕದಲ್ಲಿಯೇ 'ಕಂಪ್ಯೂಫ್ರಾಗ್' ಎಂಬ ತಂತ್ರಾಂಶ ತಂದಿತು. ಪರದೆಯ ಮೇಲೆ ಕಪ್ಪೆಯ ಅಂಗಾಂಗಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು. ಪುದುಚೇರಿಯ ಜಿಪ್ಮೆರ್ ವೈದ್ಯಕೀಯ ಸಂಸ್ಥೆಯ ಔಷಧಶಾಸ್ತ್ರ ವಿಭಾಗದಲ್ಲಿ ಸಿದ್ಧವಾದ 'ಎಕ್ಸ್‌ಫಾರ್ಮ್' ಇನ್ನೊಂದು. ಮೊಲದ ಕಣ್ಣು, ಕಪ್ಪೆಯ ಹೃದಯ, ನಾಯಿಯ ರಕ್ತದೊತ್ತಡದ ಪ್ರಯೋಗಗಳು ಅದರಲ್ಲಿ ಹಾಗೆಯೇ ಮೂಡಿ ಬರುತ್ತವೆ, ತಪ್ಪಾದರೆ ಮತ್ತೆ ಮೊದಲಿನಿಂದ ಮಾಡಬಹುದು. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾನಿಲಯದಲ್ಲಿ ಪರ್ಯಾಯ ವಿಧಾನಗಳಿಗೆಂದೇ ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಒಂದು ಕೇಂದ್ರವಾಯಿತು. ಅಲ್ಲಿನ ಪ್ರೊ. ಎಂ. ಎ. ಅಕ್ಬರ್‌ಷಾ ಸ್ವತಃ ಪ್ರಾಣಿಶಾಸ್ತ್ರಜ್ಞರು. ಮುಂಬಯಿಯಲ್ಲಿ 2000ದಲ್ಲಿ ಆರಂಭವಾದ ಪೇಟಾ ಇಂಡಿಯಾ ಕೂಡ ಪತ್ರ, ಮನವಿ, ಪ್ರದರ್ಶನಗಳಿಂದ ಒತ್ತಡ ಹೇರಿತು. ಹೀಗೆ ಹೊರಗಿನವರ ಕೂಗಿಗೆ ಒಳಗಿನ ಅಧ್ಯಾಪಕರ ದನಿಯೂ ಸೇರಿದ್ದರಿಂದಲೇ ಕೆಲಸ ಆಯಿತೆಂದು ನನ್ನ ಅನಿಸಿಕೆ. ಬರೇ ಬೀದಿಯ ಘೋಷಣೆಗೆ ಪಠ್ಯಕ್ರಮ ಬದಲಾಗುವುದಿಲ್ಲ.

2011ರಲ್ಲಿ ಯುಜಿಸಿ ಮೊದಲ ಹೆಜ್ಜೆ ಇಟ್ಟಿತು. ಪದವಿ ತರಗತಿಯಲ್ಲಿ ವಿದ್ಯಾರ್ಥಿಗಳು ಕೊಯ್ಯುವುದು ಬೇಡ, ಅಧ್ಯಾಪಕರು ಒಂದೇ ಜಾತಿಯ ಪ್ರಾಣಿಯನ್ನು ಕೊಯ್ದು ತೋರಿಸಲಿ ಎಂದಿತು. 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯವೂ ದನಿಗೂಡಿಸಿತು. 2014ರಲ್ಲಿ ಪೂರ್ಣವಿರಾಮ. ಈಗ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಔಷಧಗಳು ರಕ್ತದೊತ್ತಡದ ಮೇಲೆ ಬೀರುವ ಪರಿಣಾಮವನ್ನು ಕಂಪ್ಯೂಟರ್ ನೆರವಿನಿಂದ ಕಲಿಸಬೇಕೆಂದೇ ಇದೆ. ಬಿ.ಫಾರ್ಮ ಪಠ್ಯಕ್ರಮವೂ ತಂತ್ರಾಂಶ ಮತ್ತು ವಿಡಿಯೋಗಳಿಗೆ ಹೊರಳಿದೆ.

ಇದಕ್ಕೆ ವಿರೋಧವೂ ಇತ್ತು, ಈಗಲೂ ಇದೆ. ಕೈಯಲ್ಲಿ ಕತ್ತರಿ ಹಿಡಿಯದವನು ಎಂಥ ಪ್ರಾಣಿಶಾಸ್ತ್ರಜ್ಞ, ಪರದೆಯ ಮೇಲಿನ ಕಪ್ಪೆಗೆ ರಕ್ತವಿದೆಯೇ ಎಂದು ಹಿರಿಯ ಅಧ್ಯಾಪಕರು ಕೇಳುತ್ತಾರೆ. ಮಾತಿನಲ್ಲಿ ಸತ್ಯಾಂಶ ಇಲ್ಲವೆನ್ನಲಾಗದು. ಆದರೆ ಮನುಷ್ಯರ ವೈದ್ಯನಾಗುವವನು ಶವದ ಮೇಲೆ ಅಂಗರಚನೆ ಕಲಿಯುತ್ತಾನೆ, ಶಸ್ತ್ರಕ್ರಿಯೆಯನ್ನು ಗುರುವಿನ ಪಕ್ಕದಲ್ಲಿ ನಿಂತು ಕಲಿಯುತ್ತಾನೆ. ಕಪ್ಪೆ ಕೊಯ್ದ ಸಾವಿರ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಕೈಚಳಕ ಮುಂದೆ ಉಪಯೋಗಕ್ಕೆ ಬಂತು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಲಂಡನ್ನಿನಲ್ಲಿ ಈ ಜಗಳ ನೂರು ವರ್ಷಕ್ಕೂ ಹಳೆಯದು. 1903ರಲ್ಲಿ ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಂದು ಬಣ್ಣದ ನಾಯಿಯೊಂದರ ಮೇಲೆ ತರಗತಿಯೆದುರು ಪ್ರಯೋಗ ನಡೆದದ್ದನ್ನು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿನಿಯರು ಬರೆದು ಹೊರಗೆಡವಿದರು. ನಾಯಿಗೆ ಸರಿಯಾಗಿ ಮತ್ತು ಬಂದಿರಲಿಲ್ಲ ಎಂಬುದು ಅವರ ಆರೋಪ. ಪ್ರಾಧ್ಯಾಪಕರು ಮಾನನಷ್ಟದ ದಾವೆ ಹೂಡಿ ಗೆದ್ದರು, 2,000 ಪೌಂಡ್ ಪರಿಹಾರವೂ ಸಿಕ್ಕಿತು. ಆದರೆ ಜನ 1906ರಲ್ಲಿ ಬ್ಯಾಟರ್ಸಿ ಎಂಬಲ್ಲಿ ಆ ನಾಯಿಯ ಪ್ರತಿಮೆ ನಿಲ್ಲಿಸಿದರು. ಅದನ್ನು ಕೆಡವಲು ವೈದ್ಯಕೀಯ ವಿದ್ಯಾರ್ಥಿಗಳೇ ದಂಗೆ ಎದ್ದರು! 1910ರಲ್ಲಿ ಪೊಲೀಸ್ ಕಾವಲಿನಲ್ಲಿ ರಾತ್ರೋರಾತ್ರಿ ತೆಗೆದು ಹಾಕಿದ ಪ್ರತಿಮೆಯ ಬದಲು ಹೊಸದೊಂದು ಬಂದದ್ದು 1985ರಲ್ಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆ. ನಮ್ಮ ಪರೇಲಿನ ಹಾಫ್‌ಕಿನ್ ಸಂಸ್ಥೆಗೆ ಹೆಸರು ಕೊಟ್ಟ ವಿಜ್ಞಾನಿ 1897ರಲ್ಲಿ ಇದೇ ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ಮೊಲಗಳ ಮೇಲೆ, ಆಮೇಲೆ ತನ್ನ ಮೈಮೇಲೆಯೇ ಪರೀಕ್ಷಿಸಿದರು. ಊರಿನ ತೋಟದಲ್ಲಿ ಹಾವು ಕಚ್ಚಿದಾಗ ಜೀವ ಉಳಿಸುವ ಚುಚ್ಚುಮದ್ದು ಕುದುರೆಯ ರಕ್ತದಿಂದ ಬರುತ್ತದೆ. ಸಂಶೋಧನೆಯಲ್ಲಿ ಪ್ರಾಣಿಯೇ ಬೇಡವೆಂದು ಇಂದೇ ಹೇಳಿಬಿಡುವುದು ನನ್ನಿಂದಾಗದು. ಆದರೂ ದಿಕ್ಕು ಬದಲಾಗುತ್ತಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಯೇತರ ವಿಧಾನಗಳನ್ನೂ ಒಪ್ಪಬಹುದೆಂದು 2023ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಪಾಠಕ್ಕೆ ಪ್ರಾಣಿ ಬೇಡ, ಸಂಶೋಧನೆಗೆ ಅನಿವಾರ್ಯವಾದರೆ ಮಾತ್ರ, ಅದೂ ಲೆಕ್ಕ ಕೊಟ್ಟು: ಇದು ನನ್ನ ನಿಲುವು.

ಆ ಲೆಕ್ಕ ಕೇಳುವವರು ಯಾರು? ಪ್ರಾಣಿ ಪ್ರಯೋಗಗಳ ಉಸ್ತುವಾರಿಗೆ ಕೇಂದ್ರದ ಒಂದು ಸಮಿತಿ 1964ರಿಂದ ಇದೆ. ಬಹುಕಾಲ ಅದು ಮಲಗಿತ್ತೆನ್ನಬೇಕು. 1990ರ ದಶಕದ ಕೊನೆಗೆ ಮೇನಕಾ ಗಾಂಧಿ ಅಧ್ಯಕ್ಷರಾದ ಮೇಲೆ, 1998ರಲ್ಲಿ ನಿಯಮಗಳು ಬಂದು ಅದಕ್ಕೆ ಹಲ್ಲು ಮೂಡಿತು. ಹಲ್ಲು ಸಣ್ಣದೇ! ಸಮಿತಿಯ ಆದೇಶ ಮೀರಿದರೆ 1960ರ ಕಾಯ್ದೆ ಬರೆದಿಟ್ಟ ದಂಡ ಹೆಚ್ಚೆಂದರೆ 200 ರೂಪಾಯಿ. ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಡದ ಗಿರಾಕಿ ಇದಕ್ಕಿಂತ ಹೆಚ್ಚು ತೆತ್ತದ್ದನ್ನು ಕೌಂಟರಿನಲ್ಲಿ ಕುಳಿತು ನೋಡಿದವನು ನಾನು.

ದಂಡಕ್ಕಿಂತ ದೊಡ್ಡ ಅಸ್ತ್ರ ಬೇರೆ ಇದೆ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯೂ ಕೇಂದ್ರ ಸಮಿತಿಯಲ್ಲಿ ನೋಂದಣಿ ಮಾಡಿಸಿ, ತನ್ನದೇ ನೈತಿಕ ಸಮಿತಿ ಹೊಂದಿರಬೇಕು. ಎಷ್ಟು ಪ್ರಾಣಿ, ಯಾಕೆ, ಬದಲಿ ದಾರಿ ಇಲ್ಲವೇ, ನೋವು ತಗ್ಗಿಸಲು ಏನು ಮಾಡಿದ್ದೀರಿ ಎಂದು ಆ ಸಮಿತಿ ಕೇಳಿ ಒಪ್ಪಿದ ಮೇಲೆಯೇ ಪ್ರಯೋಗ. ಅದರಲ್ಲಿ ವಿಜ್ಞಾನಿಗಳು, ಪಶುವೈದ್ಯರು, ಕೇಂದ್ರದ ಪ್ರತಿನಿಧಿ ಇರುತ್ತಾರೆ. ಜತೆಗೆ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯ ಒಬ್ಬ ಸದಸ್ಯರೂ ಇರಲೇಬೇಕೆಂದು ನಿಯಮ. ನಮ್ಮ ಸಂಘಗಳಲ್ಲಿ ನಿವೃತ್ತ ಶಿಕ್ಷಕರು, ವಕೀಲರು, ಲೆಕ್ಕಪರಿಶೋಧಕರು ಎಷ್ಟಿಲ್ಲ? ಯಕ್ಷಗಾನ, ಭಜನೆ, ವಾರ್ಷಿಕೋತ್ಸವಗಳ ನಡುವೆ ತಿಂಗಳಿಗೊಂದು ಮಧ್ಯಾಹ್ನ ಇಂಥ ಕಡತ ಓದಿ ಪ್ರಶ್ನೆ ಕೇಳಬಲ್ಲವರು ನಮ್ಮಲ್ಲೇ ಇದ್ದಾರೆ.

ಪಾಲಕರಿಗೆ ಒಂದು ಮಾತು. ಮಗುವನ್ನು ಬಿಎಸ್ಸಿಗೋ ಫಾರ್ಮಸಿಗೋ ಸೇರಿಸುವಾಗ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಹೇಗೆ ನಡೆಯುತ್ತದೆ, ತಂತ್ರಾಂಶ ಇದೆಯೇ, ಅದು ಓಡುವ ಕಂಪ್ಯೂಟರ್ ಇದೆಯೇ ಎಂದು ಕಚೇರಿಯಲ್ಲಿ ಕೇಳಿ. ಈಗಲೂ ಪ್ರಾಣಿ ಕೊಯ್ಯಲು ಹೇಳಿದರೆ ಜಗಳಕ್ಕಿಳಿಯದೆ, 2014ರ ಯುಜಿಸಿ ಸೂಚನೆಯನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಕೊಡಿ, ಪ್ರತಿಯನ್ನು ವಿಶ್ವವಿದ್ಯಾನಿಲಯದ ಕುಲಸಚಿವರಿಗೂ ಕಳುಹಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ನಕಲು ನಿಮ್ಮಲ್ಲಿರಲಿ.