ಬದುವಿನ ಬಾವಂಚಿ

ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಲಿ ಕಡೆಯ ಎರೆ ಹೊಲಗಳ ಬದುವಿನಲ್ಲಿ ಬಾವಂಚಿ ಮೊಣಕಾಲು ದಾಟಿ ನಿಂತಿರುತ್ತದೆ. ಭತ್ತದ ಗದ್ದೆಯ ಕೆಸರು ಅದಕ್ಕೆ ಆಗಿಬರುವುದಿಲ್ಲ. ಕಾಲುವೆ ನೀರು ಹತ್ತದ ದಿಬ್ಬ, ರಸ್ತೆಯಂಚು ಬೇಕು. ದುಂಡನೆಯ ಎಲೆ, ಅಂಚೆಲ್ಲ ಹಲ್ಲು. ಬೆಳಕಿಗೆ ಹಿಡಿದರೆ ಎಲೆಯ ಎರಡೂ ಮೈಯಲ್ಲಿ ಕರಿ ಚುಕ್ಕಿಗಳು ಕಾಣುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ಹಿಸುಕಿದರೆ ಬೆರಳಿಗೆ ಘಾಟು. ಉದ್ದನೆಯ ತೊಟ್ಟಿನ ತುದಿಗೆ ಪುಟ್ಟ ನೇರಳೆ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಕಾಯಿ ಕರ್ರಗೆ, ಒಂದರಲ್ಲಿ ಒಂದೇ ಬೀಜ. ಸಿಪ್ಪೆ ಬೀಜಕ್ಕೇ ಅಂಟಿಕೊಂಡಿದ್ದು ಸುಲಭಕ್ಕೆ ಬಿಡುವುದಿಲ್ಲ.

“ತೊನ್ನಿಗೆ ಹಚ್ತಾರ್ರೀ ಅದನ್ನ. ಹಚ್ಚಿ ಬಿಸಿಲಿಗೆ ನಿಂತ್ರ ಗುಳ್ಳಿ ಏಳ್ತಾವ,” ಎಂದ ಕುರಿ ಮೇಯಿಸುತ್ತಿದ್ದ ಅಜ್ಜ. ಸರಿಯೇ. ಬೀಜದಲ್ಲಿರುವ ಸೋರಲೆನ್ ಬಿಸಿಲಿನ ನೇರಳಾತೀತ ಕಿರಣ ತಾಕಿದರೆ ಚರ್ಮವನ್ನು ಸುಡುತ್ತದೆ.

ನನಗೆ ಈ ಗಿಡದ ಮೇಲೆ ಕಣ್ಣು ಬಿದ್ದದ್ದು ಬೇರೆ ಕಾರಣಕ್ಕೆ. ಸೋಯಾ ಅವರೆಯಲ್ಲಿ ಜೆನಿಸ್ಟೀನ್, ಡೈಡ್‌ಝೀನ್ ಎಂಬ ಎರಡು ಸಂಯುಕ್ತಗಳಿವೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮದ್ದಾದೀತೆಂದು ದಶಕಗಳಿಂದ ಪರೀಕ್ಷೆಗೊಳಗಾಗಿರುವುದು ಅವೇ. ಸೋಯಾ ಬೆಳೆ ಬೀದರ್, ಬೆಳಗಾವಿ, ಧಾರವಾಡದ ಕಡೆಯದು. ಹೊಸಪೇಟೆಯವರಿಗೆ ಅದು ಹೆಚ್ಚಾಗಿ ಕಿರಾಣಿ ಅಂಗಡಿಯ ಸೋಯಾ ಚಂಕ್ಸ್. ಆದರೆ ಅವೇ ಎರಡು ಸಂಯುಕ್ತಗಳು ಬದುವಿನ ಈ ಕಳೆಯಲ್ಲೂ ಇವೆ. ಅವರೆ ಜಾತಿಯ ಹಲವು ಗಿಡಗಳನ್ನು 1997ರಲ್ಲಿ ಹೋಲಿಸಿ ನೋಡಿದಾಗ ಇವು ಹೆಚ್ಚು ಸಿಕ್ಕ ಗಿಡಗಳಲ್ಲಿ ಬಾವಂಚಿಯೂ ಒಂದು.

ಗಿಡವೇನೂ ನಮಗಾಗಿ ಇವನ್ನು ಮಾಡುವುದಿಲ್ಲ. ಸೋಯಾ ಬೇರು ಇವನ್ನು ಮಣ್ಣಿಗೆ ಬಿಡುತ್ತದೆ. ಅದರ ಜಾಡು ಹಿಡಿದು ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಬರುತ್ತವೆ, ಬೇರುಕೂದಲು ಸುರುಳಿ ಸುತ್ತಿಕೊಂಡು ಅವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಗಂಟು ಕಟ್ಟುತ್ತದೆ. ಕೆಲಸ ಮಾಡುತ್ತಿರುವ ಗಂಟನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕ ಗೊಬ್ಬರವಾಗುವುದು ಅಲ್ಲೇ.

ವಿಚಿತ್ರವೆಂದರೆ, ನಮ್ಮ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾದ್ದೇ ಕಾರುಬಾರು. ಡೈಡ್‌ಝೀನನ್ನು ಈಕ್ವಾಲ್ ಎಂಬ ಇನ್ನೂ ಚುರುಕಾದ ವಸ್ತುವಾಗಿ ಬದಲಿಸುವುದು ಕರುಳಿನ ಕೆಲವೇ ಬಗೆಯ ಬ್ಯಾಕ್ಟೀರಿಯಾ. ಜಪಾನಿನಲ್ಲಿ ಸುಮಾರು ಅರ್ಧ ಜನರಲ್ಲಿ ಇದು ನಡೆಯುತ್ತದೆ, ಪಾಶ್ಚಾತ್ಯರಲ್ಲಿ ಕಾಲು ಭಾಗದ ಆಸುಪಾಸು. ಜಪಾನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ, ಅಮೆರಿಕಕ್ಕೆ ವಲಸೆ ಹೋದ ಜಪಾನೀಯರಲ್ಲಿ ಹೆಚ್ಚು ಎಂಬುದರಿಂದಲೇ ಸೋಯಾ ಮೇಲಿನ ಆಸೆ ಚಿಗುರಿದ್ದು. ಪ್ರಯೋಗಾಲಯದ ತಟ್ಟೆಯಲ್ಲಿ ಜೆನಿಸ್ಟೀನ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿತು ಕೂಡ.

ಮನುಷ್ಯರಲ್ಲಿ? ಅಮೆರಿಕದಲ್ಲಿ ಪ್ರಾಸ್ಟೇಟ್ ತೆಗೆಸಿಕೊಂಡ, ರೋಗ ಮರುಕಳಿಸುವ ಅಪಾಯ ಹೆಚ್ಚಿದ್ದ 177 ಜನರ ಪೈಕಿ ಒಂದು ಗುಂಪಿಗೆ ದಿನಕ್ಕೆ 20 ಗ್ರಾಂ ಸೋಯಾ ಪ್ರೋಟೀನ್, ಇನ್ನೊಂದಕ್ಕೆ ಹಾಲಿನ ಪ್ರೋಟೀನ್ ಕೊಟ್ಟು ಎರಡು ವರ್ಷದವರೆಗೆ ನೋಡಿದರು. ಮರುಕಳಿಸಿದ್ದು ಸೋಯಾ ಗುಂಪಿನಲ್ಲಿ ಶೇ. 27.2, ಇನ್ನೊಂದರಲ್ಲಿ ಶೇ. 29.5. ಅದು ವ್ಯತ್ಯಾಸವೇ ಅಲ್ಲ. ಪ್ರಯೋಗವನ್ನು ಅವಧಿಗೆ ಮುನ್ನ ನಿಲ್ಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಯಾ ಊಟದಲ್ಲಿರಲಿ, ಯಾರ ತಕರಾರೂ ಇಲ್ಲ. ಚಿಕಿತ್ಸೆಯ ಜಾಗದಲ್ಲಿ ಅದನ್ನು ಕೂರಿಸಲು ನಾನಂತೂ ಒಪ್ಪಲಾರೆ.

ಬಾವಂಚಿ ಬೀಜದ ಮಾತು ಇನ್ನೂ ಬಿಗಿ. ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ಈ ಬೀಜವನ್ನು ಪುಡಿ ಮಾಡಿ ತಿಂದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಜ್ಜನನ್ನೇ ಕೇಳಿದೆ: ಹೊಟ್ಟೆಗೆ ತಗೊಳ್ಳೋರು ಯಾರಾದ್ರೂ ಇದ್ದಾರಾ? “ಏ, ಇಲ್ರೀ,” ಎಂದವನೇ ಹತ್ತಿ ಹೊಲಕ್ಕೆ ನುಗ್ಗುತ್ತಿದ್ದ ಕುರಿಯ ಹಿಂದೆ ಓಡಿದ.