ಹುತ್ರಿದುರ್ಗದ ಹಾದಿ

ನಮ್ಮ ಜಿಲ್ಲೆಯಲ್ಲಿ ಬೆಟ್ಟವನ್ನು ಕಾಣದ ಊರು ವಿರಳ. ಬೆಟ್ಟವನ್ನು ಹತ್ತಿ ಬಂದವರು ಮಾತ್ರ ಊರಿಗೆ ನಾಲ್ಕಾರು ಮಂದಿ. ದೇವರ ಪರಿಷೆಗೆ ಹೋದವರು, ದನ ಕಾಯುವವರು, ಸೌದೆಗೆ ಹೋದವರು ಇವರನ್ನು ಬಿಟ್ಟರೆ, ಓದುಬರಹ ಬಲ್ಲ ಪಟ್ಟಣವಾಸಿಗಳಾದ ನಾವು ಬೆಟ್ಟವನ್ನು ಕಚೇರಿಯ ಕಿಟಕಿಯಿಂದ ನೋಡಿಯೇ ತೃಪ್ತರಾಗಿದ್ದೆವು. ಈಚಿನ ವರ್ಷಗಳಲ್ಲಿ ಈ ಸ್ಥಿತಿಯು ಬದಲಾಗಿದೆ. ಭಾನುವಾರ ಬಂತೆಂದರೆ ಬೆಂಗಳೂರಿನಿಂದಲೂ ತುಮಕೂರಿನಿಂದಲೂ ತರುಣರು ಗುಂಪುಗುಂಪಾಗಿ ಹೊರಟು, ಬೆಳಗಾಗುವ ಮುನ್ನವೇ ಕುಣಿಗಲ್ಲು ಮಧುಗಿರಿಗಳ ಬೆಟ್ಟಗಳ ಬುಡದಲ್ಲಿ ಬಂದಿಳಿಯುತ್ತಾರೆ. ಇದು ಶುಭಚಿಹ್ನೆಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹತ್ತುವವರಿಗೆ ಬೆಟ್ಟದ ಪರಿಚಯವಿಲ್ಲ. ಬೆಟ್ಟದ ಹೊಣೆ ಹೊತ್ತವರಿಗೆ ಹತ್ತುವವರ ಪರಿಚಯವಿಲ್ಲ. ಈ ಎರಡು ಅಪರಿಚಯಗಳ ನಡುವೆ ಅನಾಹುತವು ಕಾದು ಕುಳಿತಿದೆ. ಈ ವಿಷಯವನ್ನು ವಾಚಕಮಹಾಶಯರ ಮುಂದೆಯೂ ಅಧಿಕಾರಿವರ್ಗದ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಬೆಟ್ಟದ ಪರಿಚಯ. ರಾಮನಗರದಿಂದ ಮಾಗಡಿ, ಶಿವಗಂಗೆ, ದೇವರಾಯನದುರ್ಗಗಳ ಮೂಲಕ ಮಧುಗಿರಿಯನ್ನು ದಾಟಿ ಉತ್ತರಕ್ಕೆ ಸಾಗುವ ಬೆಟ್ಟಗಳ ಸಾಲು ಒಂದೇ ಶಿಲಾಕುಲಕ್ಕೆ ಸೇರಿದ್ದು. ಭೂವಿಜ್ಞಾನಿಗಳು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ಭರತಖಂಡವು ಏಷ್ಯಾ ಭೂಭಾಗಕ್ಕೆ ತಾಗಿ ಹಿಮಾಲಯವು ಏಳತೊಡಗಿ ಸುಮಾರು ಐದು ಕೋಟಿ ವರ್ಷಗಳಾದುವು. ಎಂದಮೇಲೆ ನಮ್ಮ ಬೋಳುಗುಡ್ಡಗಳ ಮುಂದೆ ಗಿರಿರಾಜನು ಹಸುಗೂಸೇ ಸರಿ. ಎತ್ತರದಲ್ಲಿ ಮಾತ್ರ ನಾವು ಗರ್ವಪಡತಕ್ಕದ್ದೇನೂ ಇಲ್ಲ. ಶಿವಗಂಗೆಯು 4,559 ಅಡಿ, ದೇವರಾಯನದುರ್ಗವು 3,940, ಮಧುಗಿರಿಯು 3,930, ಹುತ್ರಿದುರ್ಗವು 3,713 ಅಡಿ. ಇವೆಲ್ಲ ಸಮುದ್ರಮಟ್ಟದಿಂದ ಎಣಿಸಿದ ಎತ್ತರಗಳು; ನಮ್ಮ ಬಯಲೇ ಎರಡೂವರೆ ಸಾವಿರ ಅಡಿಗಿಂತ ಮೇಲಿರುವುದರಿಂದ ಕಾಲು ಸವೆಸಬೇಕಾದದ್ದು ಒಂದು ಸಾವಿರ ಅಡಿಯ ಆಸುಪಾಸು. ಈ ಲೆಕ್ಕವನ್ನು ನಂಬಿಯೇ ಅನೇಕರು ಮೋಸಹೋಗುತ್ತಾರೆ. ಕಷ್ಟವಿರುವುದು ಎತ್ತರದಲ್ಲಲ್ಲ, ಬಂಡೆಯ ಮೈಯಲ್ಲಿ. ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗಿ ಈ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚುತ್ತದೆ. ಆದಕಾರಣ ಬೆಟ್ಟಗಳು ಗುಂಡಾಗಿವೆ. ಗುಂಡಾದ ಬೆಟ್ಟದಲ್ಲಿ ಹಿಡಿಯಲು ಆಧಾರವಿಲ್ಲ, ಜಾರಿದರೆ ತಡೆಯಲು ಪೊದೆಯಿಲ್ಲ.

ಬೆಟ್ಟವೆಂದರೆ ಬರಿಯ ಕಲ್ಲಲ್ಲ, ನಮ್ಮ ನೀರಿನ ತಾಯಿಯೂ ಹೌದು. ದೇವರಾಯನದುರ್ಗದ ಸರಹದ್ದಿನಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಅದೇ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯಕ್ಕೆ ಬಂದು, ಕಡೆಗೆ ಕಾವೇರಿಗೆ ಸೇರುತ್ತದೆ. ಒಂದೇ ಮುಗಿಲಿನ ಎರಡು ಹನಿಗಳು ಒಂದೇ ಬೆಟ್ಟದ ಮೇಲೆ ಬಿದ್ದು ಎರಡು ನದಿಗಳ ಪಾಲಾಗುತ್ತವೆ. ಬೆಟ್ಟವಿಲ್ಲದ ಗುಬ್ಬಿಯ ಬಯಲಿನ ತೆಂಗು ಅಡಕೆಯ ತೋಟಗಳವರೂ ಬೆಟ್ಟದ ಋಣಿಗಳೇ. ಅಲ್ಲಿಯ ಹುಲ್ಲು ಸುಟ್ಟರೆ, ಕಾಡು ಬೋಳಾದರೆ ನಷ್ಟವು ಇಳಿದು ಬರುವುದು ಇಲ್ಲಿಗೆ.

ಇನ್ನು ಹುತ್ರಿದುರ್ಗದ ವಿಚಾರ. ಈ ಸಾಲಿನಲ್ಲಿ ಮಧುಗಿರಿಯ ಕೀರ್ತಿ ದೊಡ್ಡದು. ದೇವರಾಯನದುರ್ಗಕ್ಕೆ ವಾಹನದ ರಸ್ತೆಯಾದ್ದರಿಂದ ಹತ್ತುವ ಶ್ರಮವೇ ಬಹುಮಟ್ಟಿಗೆ ಇಲ್ಲವಾಗಿದೆ. ನಮ್ಮ ಮಟ್ಟಿಗೆ, ಚಾರಣವೆಂದರೇನೆಂಬುದನ್ನು ಕಲಿಯಬಯಸುವವನಿಗೆ ಕುಣಿಗಲ್ಲು ತಾಲ್ಲೂಕಿನ ಹುತ್ರಿದುರ್ಗಕ್ಕಿಂತ ಒಳ್ಳೆಯ ಗುರುವಿಲ್ಲ. ಬುಡದ ಸಂತೆಪೇಟೆಯಲ್ಲಿ ಗಾಡಿಯನ್ನು ಬಿಟ್ಟು ನಡೆಯಲು ಹೊರಟರೆ ಹೊಲಗಳ ಅಂಚು ಮುಗಿಯುತ್ತಲೇ ಕೋಟೆಯ ಗೋಡೆ ಎದುರಾಗುತ್ತದೆ. ಒಂದು ಹೆಬ್ಬಾಗಿಲನ್ನು ದಾಟಿದರೆ ಬೆಟ್ಟವನ್ನು ಗೆದ್ದೆವೆಂದು ಹೊಸಬನು ಹಿಗ್ಗುತ್ತಾನೆ. ಸ್ವಲ್ಪ ಮೇಲೇರಿದರೆ ಮತ್ತೊಂದು ಗೋಡೆ, ಮತ್ತೊಂದು ಬಾಗಿಲು. ಹೀಗೆ ಸುತ್ತಿನ ಮೇಲೆ ಸುತ್ತಾಗಿ ಕೋಟೆಯು ಬೆಟ್ಟವನ್ನು ಬಳಸಿಕೊಂಡು ಹೋಗಿದೆ. ಬಾಗಿಲುಗಳು ಎದುರುಬದುರಾಗಿಲ್ಲ. ಒಂದನ್ನು ಹೊಕ್ಕವನು ಗೋಡೆಯ ಬಗಲಿನಲ್ಲಿ ತಿರುಗಿಯೇ ಇನ್ನೊಂದಕ್ಕೆ ಹೋಗಬೇಕು. ಆ ತಿರುವಿನಲ್ಲಿ ಅವನ ಬೆನ್ನು ಮೇಲಿನವರ ಕಣ್ಣಿಗೆ ಬೀಳುತ್ತದೆ. ಬರುವವನು ಅತಿಥಿಯಲ್ಲ, ಶತ್ರುವೆಂದು ಎಣಿಸಿ ಕಟ್ಟಿದ ಹಾದಿ ಇದು. ದಣಿವಾಗುವುದರಲ್ಲಿ ಆಶ್ಚರ್ಯವೇನು?

ಬಾಗಿಲುಗಳನ್ನು ದಾಟಿದ ಮೇಲೆ ಬೋಳುಬಂಡೆ. ಅಲ್ಲಿ ಉಳಿಯಿಂದ ಕಡಿದ ಸಣ್ಣ ಸಣ್ಣ ಮೆಟ್ಟಿಲುಗಳುಂಟು. ಮೆಟ್ಟಿಲೆನ್ನುವುದಕ್ಕಿಂತ ಹೆಜ್ಜೆಯಿಡುವ ಗುಳಿಗಳೆನ್ನುವುದೇ ಸರಿ. ಒಣಗಿದ ಬಂಡೆಯು ಕಾಲನ್ನು ಹಿಡಿಯುತ್ತದೆ. ಒಂದು ಮಳೆ ಬಿದ್ದು ಪಾಚಿ ಕಟ್ಟಿದರೆ ಅದೇ ಬಂಡೆ ಕಾಲನ್ನು ಬಿಡುತ್ತದೆ. ಎಡೆಯೆಡೆಯಲ್ಲಿ ಮಳೆನೀರು ನಿಂತ ದೊಣೆಗಳು. ತುದಿಯಲ್ಲಿ ಶಂಕರೇಶ್ವರನ ಗುಡಿ, ಎದುರಿಗೆ ನಂದಿ. ಅಭ್ಯಾಸವುಳ್ಳವರಿಗೆ ಒಂದೂವರೆ ಘಂಟೆಯ ಏರು. ಮೇಜಿನ ಮುಂದೆ ಕುಳಿತು ಬಾಳುವ ನಮ್ಮಂಥವರಿಗೆ ಎರಡೂವರೆ. ನಿರ್ಮಲವಾದ ಮಾಗಿಯ ಬೆಳಗಿನಲ್ಲಿ ಒಂದು ಕಡೆ ಸಾವನದುರ್ಗ, ಒಂದು ಕಡೆ ಶಿವಗಂಗೆ, ಇನ್ನೊಂದು ಕಡೆ ಕವುಚಿಟ್ಟ ಬೋಗುಣಿಯಂತಿರುವ ಹುಲಿಯೂರುದುರ್ಗ ಇವುಗಳನ್ನು ನಿಂತಲ್ಲಿಯೇ ತಿರುಗಿ ನೋಡಬಹುದು. ಆಗ ಪುಸ್ತಕದ ಚರಿತ್ರೆಯು ಕಣ್ಣಿಗೆ ಕಟ್ಟುತ್ತದೆ. ಒಂದು ದುರ್ಗದಲ್ಲಿ ಬೆಂಕಿ ತೋರಿದರೆ ಇನ್ನೊಂದಕ್ಕೆ ಸುದ್ದಿ. ಒಂದು ಬಿದ್ದರೆ ಮತ್ತೊಂದಕ್ಕೆ ಅಪಾಯ.

ಈ ಕೋಟೆಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡನು ಕಟ್ಟಿಸಿದನೆಂಬುದು ಪ್ರಸಿದ್ಧ. ಸಾವನದುರ್ಗಕ್ಕೆ ಉತ್ತರದಲ್ಲಿರುವುದರಿಂದ ಉತ್ತರಿದುರ್ಗವೆಂದು ಹೆಸರಾಗಿ ಅದೇ ಹುತ್ರಿದುರ್ಗವಾಯಿತೆಂಬ ಹೇಳಿಕೆಯುಂಟು. 1728ರಲ್ಲಿ ಮಾಗಡಿಯ ಪ್ರಭುಗಳ ಆಳ್ವಿಕೆಯು ಮುಗಿದು ಈ ಸೀಮೆಯು ಮೈಸೂರಿಗೆ ಸೇರಿತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಎದುರಿನಿಂದ ಬರಿಗೈಯಲ್ಲಿ ಹಿಂತಿರುಗಿದ ಕಾರ್ನ್‌ವಾಲಿಸನು ಬೆಂಗಳೂರಿನಿಂದ ದವಸಧಾನ್ಯಗಳು ಸಾಗುವ ದಾರಿಯನ್ನು ಭದ್ರಪಡಿಸದೆ ಮುಂದಡಿಯಿಡಲಾಗದೆಂದು ಕಂಡುಕೊಂಡನು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಅದೇ ತಿಂಗಳಲ್ಲಿ ಹುತ್ರಿದುರ್ಗ ಹೀಗೆ ಒಂದೊಂದಾಗಿ ಇಂಗ್ಲಿಷರ ವಶವಾದುವು. ಎರಡು ಶತಮಾನ ನಿಂತ ಗೋಡೆಗಳು ಒಂದೇ ಋತುವಿನಲ್ಲಿ ಪರರ ಪಾಲಾದುವು. ಮೇಲೆ ನಿಂತು ಇದನ್ನು ನೆನೆದ ವಿದ್ಯಾರ್ಥಿಗೆ ಬೇರೆ ಉಪಾಧ್ಯಾಯರು ಬೇಕಿಲ್ಲ.

ಶಿವಗಂಗೆಯದೂ ಇಂತಹ ಪಾಠವೇ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಅಲ್ಲಿ ದೇಹತ್ಯಾಗ ಮಾಡಿದಳೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಆಕೆ ಕೋಡುಗಲ್ಲಿನಿಂದ ಧುಮುಕಿದಳೆಂಬುದು ಜನರ ಕಥೆ. ಶಾಸನವೆಷ್ಟು, ಕಥೆಯೆಷ್ಟು ಎಂದು ಬೇರ್ಪಡಿಸುವ ಬುದ್ಧಿಯನ್ನು ಕಲಿಯಲು ಆ ಬಂಡೆಯ ಅಂಚಿಗಿಂತ ತಕ್ಕ ಸ್ಥಳವೆಲ್ಲಿದೆ? ನಾಮದ ಚಿಲುಮೆಯ ಕಾಡಿನಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯ ಕಾಲದಲ್ಲಿ ಬಿಡಾರ ಹೂಡಿದ್ದರು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಲೋಕದಲ್ಲಿ ಮತ್ತೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರವು ದೇವರಾಯನದುರ್ಗದ ಪೊದೆಗಳಲ್ಲಿ ಹಾಡುತ್ತದೆ. ದೂರದೇಶಗಳವರು ಇದನ್ನು ನೋಡಲು ಬರುತ್ತಾರೆ. ನಮ್ಮ ಮಕ್ಕಳಿಗೆ ಅದರ ಹೆಸರೂ ತಿಳಿಯದು.

ಇನ್ನು ಅಪಾಯದ ಮಾತು. 2024ರ ಅಕ್ಟೋಬರಿನ ಕೊನೆಯಲ್ಲಿ ತುಮಕೂರಿನ ಸಮೀಪದ ಮೈದಾಳ ಕೆರೆಯ ಕೋಡಿಯ ಬಳಿ ವಿದ್ಯಾರ್ಥಿನಿಯೊಬ್ಬಳು ಭಾವಚಿತ್ರ ತೆಗೆದುಕೊಳ್ಳುವಾಗ ಕಾಲು ಜಾರಿ, ಬಂಡೆಗಳ ಸಂದಿನಲ್ಲಿ ನೀರಿನ ನಡುವೆ ರಾತ್ರಿಯೆಲ್ಲ ಸಿಕ್ಕಿಕೊಂಡಿದ್ದಳು. ಅಗ್ನಿಶಾಮಕ ದಳದವರೂ ಪೊಲೀಸರೂ ಶ್ರಮಪಟ್ಟು ಮರುದಿನ ಆಕೆಯನ್ನು ಬದುಕಿಸಿ ಮೇಲೆ ತಂದರು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ಲು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ಬಾಯಿಗೆ ಸಿಕ್ಕಿ ಮಕ್ಕಳೂ ಮುದುಕರೂ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಲಾಗದು. ಸೂರ್ಯೋದಯವನ್ನು ನೋಡಬೇಕೆಂಬ ಹಂಬಲದಿಂದ ಕತ್ತಲೆಯಲ್ಲಿ ಬಂಡೆಗಳ ನಡುವೆ ನುಗ್ಗುವ ತರುಣರು, ಅದು ಚಿರತೆಯೂ ಕರಡಿಯೂ ಸಂಚರಿಸುವ ಹೊತ್ತೆಂಬುದನ್ನು ತಿಳಿದಿರಬೇಕು. ಬಂಡೆಯ ಕೆಳಗೆ ಹೆಜ್ಜೇನು ತೂಗುತ್ತಿರುತ್ತದೆ. ಒಂದು ಕಲ್ಲೆಸೆತ, ಒಂದು ಹೊಗೆ, ಇಷ್ಟೇ ಸಾಕು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಬೋಳು ಶಿಖರದ ಮೇಲೆ ನಿಂತವನು ಸಿಡಿಲಿಗೆ ತಾನೇ ಗುರಿಯಾಗುತ್ತಾನೆ. ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ಇಳಿಯುವಾಗಿನದು. ಹತ್ತುವಾಗ ಕಣ್ಣು ಬಂಡೆಯ ಮೇಲಿರುತ್ತದೆ. ಇಳಿಯುವಾಗ ದಣಿದ ಮೊಣಕಾಲು, ಒಣಗಿದ ಗಂಟಲು, ಮನೆಯ ಕಡೆಗೆ ಓಡುವ ಮನಸ್ಸು.

ಅಪಘಾತವಾದ ಮರುದಿನ ಅಧಿಕಾರಿಗಳಿಗೆ ಹೊಳೆಯುವ ಮೊದಲನೆಯ ಉಪಾಯವು ನಿಷೇಧ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನರು ಒಂದೇ ಸಲ ನೆರೆದಾಗ ಸರ್ಕಾರವು ಚಾರಣಗಳನ್ನು ತಡೆಹಿಡಿಯಿತು. ಆದರೆ ಅಷ್ಟಕ್ಕೇ ನಿಲ್ಲದೆ, ಅದೇ ವರ್ಷ ಅರಣ್ಯ ಇಲಾಖೆಯು ಮುಂಗಡವಾಗಿ ಹೆಸರು ನೋಂದಾಯಿಸುವ ಪದ್ಧತಿಯನ್ನೂ ದಿನವೊಂದಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ತಂದದ್ದು ಶ್ಲಾಘ್ಯವಾದ ಕ್ರಮ. ಬಾಗಿಲನ್ನು ಮುಚ್ಚುವುದು ಸುಲಭ. ಬಾಗಿಲಲ್ಲಿ ನಿಂತು ಲೆಕ್ಕವಿಡುವುದೇ ಆಡಳಿತ. ಬಾಗಿಲು ಮುಚ್ಚಿದರೆ ಹುಡುಗರು ಹಿಂದಿನಿಂದ ಹತ್ತುತ್ತಾರೆ. ಆಗ ಬಿದ್ದವನನ್ನು ಹುಡುಕುವವರೂ ಇರುವುದಿಲ್ಲ.

ಆದ್ದರಿಂದ ನಮ್ಮ ಸೂಚನೆಗಳು ಸರಳವಾದುವು. ಹುತ್ರಿದುರ್ಗ, ಹುಲಿಯೂರುದುರ್ಗಗಳಂತಹ ಬೆಟ್ಟಗಳ ಬುಡದಲ್ಲಿ ಹತ್ತುವವರ ಹೆಸರನ್ನೂ ಹೊತ್ತನ್ನೂ ಬರೆದಿಡುವ ಒಂದು ಪುಸ್ತಕವಿರಲಿ. ಸಂಜೆಗೆ ಇಳಿದು ಬಾರದವರು ಯಾರೆಂದು ಅದರಿಂದ ಗೊತ್ತಾಗುತ್ತದೆ. ದಾರಿ ತೋರಲು ಆ ಹಳ್ಳಿಗಳ ಯುವಕರನ್ನೇ ನೇಮಿಸಿ ನಿಗದಿಯಾದ ಕೂಲಿಯನ್ನು ಕೊಡಿಸಲಿ. ಯಾವ ಬಂಡೆ ಯಾವ ತಿಂಗಳಲ್ಲಿ ಜಾರುವುದು, ಜೇನು ಎಲ್ಲಿ ಕಟ್ಟಿದೆ ಎಂಬುದು ದನ ಕಾಯ್ದವನಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿಯದು. ಕಡಿದಾದ ಜಾಗದಲ್ಲಿ, ಮಧುಗಿರಿಯಲ್ಲಿರುವಂತೆ, ಕಬ್ಬಿಣದ ಕಂಬಿಗಳನ್ನು ನೆಡಲಿ. ಆದರೆ ಹಳೆಯ ಗೋಡೆಗೆ ಗಾರೆ ಮೆತ್ತಿ ಬಣ್ಣ ಬಳಿಯುವ ಜೀರ್ಣೋದ್ಧಾರ ಬೇಡ. 112ಕ್ಕೆ ಕರೆ ಬಂದಾಗ ಹಗ್ಗ ಹಿಡಿದು ಬಂಡೆಯಿಳಿಯಬಲ್ಲ ತಂಡವೊಂದು ಜಿಲ್ಲೆಯಲ್ಲಿಯೇ ಸಿದ್ಧವಿರಲಿ.

ಹತ್ತುವವರಿಗೂ ಎರಡು ಮಾತು. ಒಬ್ಬನೇ ಹೋಗಬೇಡಿ, ಮನೆಯವರಿಗೆ ಹೇಳಿ ಹೋಗಿ. ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರನ್ನು ಒಯ್ಯಿರಿ. ಖಾಲಿಯಾದ ಸೀಸೆಯನ್ನು ಹಿಂದಕ್ಕೆ ತನ್ನಿರಿ. ತುಂಬಿದ ಸೀಸೆಯನ್ನು ಸಾವಿರ ಅಡಿ ಮೇಲಕ್ಕೆ ಹೊರಲು ಬಲವಿದ್ದವನಿಗೆ ಖಾಲಿಯದನ್ನು ಕೆಳಕ್ಕೆ ತರಲು ಬಲವಿಲ್ಲವೆಂದರೆ ನಂಬುವವರಾರು? ಕೋಟೆಯ ಕಲ್ಲಿನ ಮೇಲೆ ನಿಮ್ಮ ಹೆಸರನ್ನು ಕೆತ್ತಬೇಡಿ. ಕಟ್ಟಿದವರೇ ತಮ್ಮ ಹೆಸರನ್ನು ಕೆತ್ತಿಕೊಳ್ಳಲಿಲ್ಲ. ಮಳೆಯ ಮೋಡ ಕಂಡರೆ, ತುದಿಯು ನೂರು ಗಜ ದೂರವಿದ್ದರೂ, ಹಿಂತಿರುಗಿರಿ. ಹಿಂತಿರುಗಿದವನಿಗೆ ಇನ್ನೊಂದು ಭಾನುವಾರವಿದೆ.

ಪಾಠಶಾಲೆಗಳ ಮುಖ್ಯಸ್ಥರಲ್ಲಿ ನಮ್ಮ ಕಡೆಯ ಬಿನ್ನಹ. ವರ್ಷಕ್ಕೊಮ್ಮೆ ಮಕ್ಕಳನ್ನು ದೂರದ ಊರುಗಳಿಗೆ ಬಸ್ಸಿನಲ್ಲಿ ತುಂಬಿ ಕರೆದೊಯ್ಯುವ ಬದಲು, ಮಾಗಿಯ ಒಂದು ದಿನ ತಮ್ಮ ತಾಲ್ಲೂಕಿನ ಬೆಟ್ಟವನ್ನು ಹತ್ತಿಸಲಿ. ಶಿಂಷೆಯು ಹರಿಯುವ ದಿಕ್ಕನ್ನೂ ತಮ್ಮ ಊರಿನ ಕೆರೆಯ ಏರಿಯನ್ನೂ ಮೇಲಿನಿಂದ ಒಮ್ಮೆ ಗುರುತಿಸಿದ ಹುಡುಗನು ನಾಳೆ ಅಮಲ್ದಾರನಾಗಲಿ, ಇಂಜಿನಿಯರನಾಗಲಿ, ರೈತನಾಗಲಿ, ಬೆಟ್ಟವನ್ನು ಜಲ್ಲಿಯ ಲೆಕ್ಕದಲ್ಲಿ ಅಳೆಯುವುದಿಲ್ಲ. ದುರ್ಗಗಳನ್ನು ಕಾಯಲು ಈಗ ಬುರುಜು ಬತೇರಿಗಳು ಬೇಕಿಲ್ಲ. ಅವುಗಳನ್ನು ಕಾಲಿನಿಂದ ಬಲ್ಲ ಜನರು ಬೇಕು. ಅಂತಹ ಜನರನ್ನು ತಯಾರುಮಾಡುವುದು ನಮ್ಮೆಲ್ಲರ ಕೆಲಸ. ಅದಕ್ಕೆ ಬರುವ ಮಾಗಿಯೇ ಸುಸಮಯ.